ಮಲಗೋ ಹೊತ್ತು

ಈ ಸಲ ಸಮುದ್ರಕ್ಕ ಹೋಗೋದೇ ಅಂತ
ಹಠ ಹಿಡದಾಕಿ ನಾನು.
ಶಹಾಬಾದಿನ ಏಪ್ರಿಲ್ ನಿಮಗ ಗೊತ್ತಿರಬೇಕು:
ನಸುಕಿನ್ಯಾಗೇ ನಳದ ನೀರು ಕಾದಿರ್ತದ,
ಕೂಲರಿನ ಹುಲ್ಲಿಗೂ ನೀರಡಿಕಿ.

ಹತ್ತೊಂಬತ್ತು ತಿಂಗಳ ಮಲ್ಲಿನಾಥ
ಅಂಗಿ ಹಾಕಿದ್ರ ಅಳ್ತಾನ, ತಗದ್ರ ಓಡ್ತಾನ.
ನೀರಿಗಿ ಅವನ ಮಾತು ಒಂದೇ, "ಬೂ".
ಲೋಟದಾಗಿಂದೂ ಬೂ, ಮೋರ್‍ಯಾಗಿಂದೂ ಬೂ,
ಅವರಪ್ಪ ಸಾಯಬಣ್ಣನ ಹಣಿ ಮ್ಯಾಗಿನ ಬೆವರೂ ಬೂ.

ರಾತ್ರಿ ಉಂಡ ಮ್ಯಾಲ ಮೊಬೈಲ್ ಹಿಡಕೊಂಡು
ಗಂಡ ಹೆಂಡತಿ ಕಡಲು ಹುಡುಕಿದ್ವಿ,
ಹೆಣ್ಣು ನೋಡಲಿಕ್ಕ ಹೋದ ಬೀಗರಂಗ
ಒಂದೊಂದಕ್ಕೂ ಒಂದೊಂದು ಕೊಂಕು ತಗದು.

ಗೋಕರ್ಣ ಅಂದಾ ಅಂವ.
ರಾತ್ರಿಯೆಲ್ಲ ಹಾಡು ಹಚ್ಚತಾರಂತ, ಬ್ಯಾಡ ಅಂದೆ.
ಮುರ್ಡೇಶ್ವರ ಅಂದೆ.
ಮೂರು ಮೆಟ್ಟಲ ಕಂಡ್ರ ಮೂವತ್ತು ಸಲ ಹತ್ತಿ ಇಳೀತಾನ ನಿನ್ನ ಮಗ,
ಅಲ್ಲಿ ಎಣಿಸಿದಿ ಏನು? ಅಂದ.
ಒಂದು ರಿಸಾರ್ಟಿನ್ಯಾಗ ಈಜೋ ಹೊಂಡ, ಬೇಲಿ ಇಲ್ಲ.
ಇನ್ನೊಂದರಾಗ ಮಹಡಿ ಖೋಲಿ,
ಕಟಕಟಿ ಸಂದಿನ್ಯಾಗ ಇವನ ತಲಿ ಆರಾಮ ಹಿಡಸ್ತದ.
ಖರೆ ಹೇಳಬೇಕಂದ್ರ
ಒಂದು ಫೋಟೋದಾಗೂ ನಾ ಕಡಲು ನೋಡಲಿಲ್ಲ,
ಬಾಗಿಲ ಚಿಲಕ ಎಷ್ಟು ಎತ್ತರದಾಗ ಅದ ಅಂತ ನೋಡಿದೆ,
ಬಾವಿಗಿ ಕಟ್ಟಿ ಅದನೋ ಇಲ್ಲೋ ಅಂತ.

ಅತ್ತಿ ಗುರುಬಾಯಿ ಹೊರಸಿನ ಮ್ಯಾಲ ಮಲಕೊಂಡೇ ಅಂದಳು:
"ರೊಟ್ಟಿ ಹಾಲಾಗ ಕಿವುಚಿದ್ರಷ್ಟೇ ತಿಂತದ ಕೂಸು.
ಎರಡು ಸೇರು ಜ್ವಾಳದ ಹಿಟ್ಟು ಒಯ್ರಿ.
ಹಂಚು ಕೊಡ್ತಾರೇನು ಕೇಳ್ರಿ."
ಹೋಗಬ್ಯಾಡ್ರಿ ಅನ್ನಲಿಲ್ಲ.
ಅದೇ ದೊಡ್ಡದು.

ಫೋನ್ ಮಾಡಿದ ಕಡೆಯೆಲ್ಲ ಕೇಳಿದ್ದು ಅದನ್ನೇ:
ಎಷ್ಟು ಮಂದಿ, ಎಷ್ಟು ರಾತ್ರಿ, ಏಸಿ ಬೇಕೋ ಬ್ಯಾಡೋ,
ಅಡ್ವಾನ್ಸ್ ಈಗೇ ಹಾಕ್ತೀರೇನು.
ಕುಮಟಾ ದಾಟಿ ಒಂದು ಹಳ್ಳಿ,
ನಕಾಶಾ ಹಿಗ್ಗಿಸಿ ಹಿಗ್ಗಿಸಿ ನೋಡಿದ್ರಷ್ಟೇ ಹೆಸರು ಕಾಣ್ತದ.
ಅಲ್ಲಿ ಫೋನೆತ್ತಿದ ನಾಗವೇಣಿ ಹರಿಕಂತ್ರ ಅನ್ನಾಕಿ ಕೇಳಿದಳು:
"ಮಗು ಮಧ್ಯಾಹ್ನ ಎಷ್ಟೊತ್ತಿಗೆ ಮಲಗ್ತದೆ?"

ಯಾಕ್ರಿ ಅಂದೆ.
"ಮನೆ ಮುಂದೇ ಮೀನು ಹರಾಜು ಆಗೂದು.
ಹನ್ನೊಂದಕ್ಕೆ ಮುಗೀತದೆ. ಆಮೇಲೆ ನಾಯೀನೂ ಕೂಗೂದಿಲ್ಲ."
ಹನ್ನೆರಡೂವರಿ, ಅಂದೆ.
ಅಷ್ಟಂದು ಸುಮ್ಮನ ನಿಂತೆ.
ಹತ್ತೊಂಬತ್ತು ತಿಂಗಳಾದವು,
ಆ ಹೊತ್ತು ಯಾವುದಂತ ನನಗ ಯಾರೂ ಕೇಳಿರಲಿಲ್ಲ.
ಆ ಹೊತ್ತಿನ್ಯಾಗೇ ಗಂಟಿ ಬಾರಿಸ್ತಾರ,
ಆ ಹೊತ್ತಿನ್ಯಾಗೇ ಬೀಗರು ಬರ್ತಾರ.

ಹಂಚು? "ಇದೆ. ರೊಟ್ಟಿ ಬಡಿಯೂಕೆ ನಂಗೆ ಬರೂದಿಲ್ಲ."
ನೋಡೋದು ಏನೇನದ್ರಿ ಅಲ್ಲಿ?
"ನೋಡೂಕೆ ಎಂತದೂ ಇಲ್ಲ" ಅಂದಳು,
ಕಾಯಿಪಲ್ಯದಾಕಿ ಇವತ್ತು ಮೆಂತ್ಯ ಇಲ್ಲ ಅಂದಂಗ.
ಸಾಯಬಣ್ಣ ನನ್ನ ಮಾರಿ ನೋಡಿದ.
ಐದುನೂರು ರೂಪಾಯಿ ಕಳಿಸಿದ್ವಿ.

ಮರುದಿನ ಕರೆಂಟ್ ಇಲ್ಲ.
ನಮ್ಮ ಅಂಗಳದಾಗ ಒಂದು ಪರಸಿ ಅದ, ಅಲೆ ಬಿದ್ದದ್ದು.
ಪಾಲಿಶ್ ಮಶೀನಿಗಿ ಕೂಡೂದಿಲ್ಲ, ಸೆಕೆಂಡ್ ಮಾಲು ಅಂತ
ಗಣಿ ಮಾಲಕ ಪುಕ್ಕಟೆ ಕೊಟ್ಟದ್ದು.
ಕಲ್ಲು ಅಳಿಯಲಿಕ್ಕ ಬಂದಾಂವೊಬ್ಬ ಅಂದಿದ್ನಂತ,
ಒಂದು ಕಾಲದಾಗ ಇಲ್ಲೆಲ್ಲ ಸಮುದ್ರ ಇತ್ತು,
ಇದು ಅದರ ಕೆಸರು, ಅದರ ತೆರಿ.
"ಹಂಗಾದ್ರ ಬಸ್ಸಿನ ರೊಕ್ಕ ಉಳೀತು" ಅಂದು
ನಕ್ಕು ಹೊತಗೊಂಡು ಬಂದಿದ್ದ ಸಾಯಬಣ್ಣ.

ಅದರ ಮ್ಯಾಲ ಮಲ್ಲಿನಾಥ ಲೋಟದ ನೀರು ಸುರುವಿದ.
ಗೆರಿ ಗೆರಿನ್ಯಾಗ ನಿಂತು ನೀರು ಅತ್ತಿತ್ತ ಹೊಳೀತು.
ಬೂ, ಅಂದ.
ಆ ಬಿಸಲಿಗಿ ನೀರು ಎಷ್ಟೊತ್ತು ತಡೀತದ?
ಒಣಕಲ್ಲಿನ ಮ್ಯಾಲ ಅಂಗೈ ಇಟ್ಟು
ಮತ್ತೂ ಬೂ, ಅಂದ.
ನಾ ಅವನನ್ನ ತಿದ್ದಲಿಕ್ಕ ಹೋಗಲಿಲ್ಲ.

ಹುಬ್ಬಳ್ಳಿ ತನಕ ರೈಲು. ಅಲ್ಲಿಂದ ಘಟ್ಟ ಇಳಿಯೋ ಬಸ್ಸು,
ತಿರುವಿಗೊಮ್ಮೆ ವಾಂತಿ ಮಾಡ್ತಾನ, ಲಿಂಬಿಹಣ್ಣು ಇಟಗೋಬೇಕು.
ವೇಟಿಂಗ್ ಲಿಸ್ಟ್ ಹದಿನಾಲ್ಕಿದ್ದದ್ದು ಒಂಬತ್ತಕ್ಕ ಬಂದದ.
ಗಿರಣಿಗಿ ಇಟ್ಟ ಜ್ವಾಳ ಇನ್ನೂ ತಂದಿಲ್ಲ.
ಈಗ ಹನ್ನೆರಡೂವರಿ.
ಸ್ವಲ್ಪ ಸಣ್ಣಗ ಮಾತಾಡ್ರಿ.