ಮೂರನೇ ಬಾಗಿಲು

ದೋಣಿಯಿಂದ ಇಳಿಯುವಾಗ ಮಾವ ನನ್ನ ಕೈ ಹಿಡಿಯಲಿಲ್ಲ.
ಪಾಚಿ ಕಟ್ಟಿದ ಮೆಟ್ಟಿಲು, ಎಪ್ಪತ್ತೊಂದರ ಮೊಣಕಾಲು,
ಆದರೂ ಪಾದಕ್ಕೆ ನೆನಪಿತ್ತು
ಯಾವ ಕಲ್ಲು ಅಲುಗುತ್ತದೆ, ಯಾವುದಿಲ್ಲ.
‘ಮೂರು ಗಂಟೆಗೆ ಗಾಳಿ ತಿರುಗುತ್ತೆ,’ ಎಂದ ಮರ್ಟಿ, ಎಂಜಿನ್ ಆರಿಸದೆ.
‘ತಡವಾದರೆ ಸೀಲ್‌ಗಳ ಪಕ್ಕ ಮಲಗಿ.’

ಇನಿಷ್‌ಲೋರ್ಕದಲ್ಲಿ ಈಗ ಕುರಿಗಳದೇ ಸಂಸಾರ.
ಹದಿನಾಲ್ಕು ಮನೆ, ಒಂದಕ್ಕೂ ಸೂರಿಲ್ಲ.
ದಡದಲ್ಲಿ ಸರ್ಕಾರದ ಫಲಕ:
ಇಲ್ಲಿ ಬಾಳಿದ ಹೆಸರಾಂತ ಕತೆಗಾರ್ತಿ.
ಮುತ್ತಜ್ಜಿ ಸೈವ್‌ಳ ಹೆಸರಲ್ಲಿ ಒಂದಕ್ಷರ ತಪ್ಪು.
ಮಾವ ಜೇಬಿನಿಂದ ಬೀಗದಕೈ ತೆಗೆದು
ಆ ಅಕ್ಷರವನ್ನು ಗೀರಿದ, ಬಹಳ ಹೊತ್ತು.
ಬಣ್ಣ ಬಿಡಲಿಲ್ಲ.

ಅವನು ಹುಟ್ಟುವ ಮುಂಚೆ ಒಬ್ಬಾತ ಬಂದಿದ್ದನಂತೆ,
ಸೈಕಲ್ಲನ್ನು ದೋಣಿಗೆ ಹೇರಿಕೊಂಡು
(ತುಳಿಯಲು ಇಲ್ಲಿ ರಸ್ತೆ ಎಲ್ಲಿ?),
ಜೊತೆಗೊಂದು ಪೆಟ್ಟಿಗೆ, ಕೊಳವೆ, ಮೇಣದ ಉರುಳೆಗಳು.
ಮುತ್ತಜ್ಜಿ ಕೊಳವೆಗೆ ಬಾಯಿಟ್ಟು
ಹನ್ನೊಂದು ರಾತ್ರಿ ಕತೆ ಹೇಳಿದಳು.
‘ಎಲ್ಲ ಕೇಳಿಸಿಕೊಳ್ಳುತ್ತೆ, ಒಂದು ಹೂಂ ಅನ್ನಲ್ಲ,
ಬಿಗುಮಾನದ ನೆಂಟ’ ಎಂದು ಪೆಟ್ಟಿಗೆಯನ್ನು ಬೈದಳು.
ಆತ ಹಗಲೆಲ್ಲ ಬರೆದುಕೊಂಡ. ಬರೆದಾದ ಮೇಲೆ
ಉರುಳೆಯಿಂದ ದನಿಯನ್ನು ಹೆರೆದು ತೆಗೆದ.
ಮೇಣ ದುಬಾರಿ, ನಾಳೆಯ ಕತೆಗೆ ಜಾಗ ಬೇಕು.
ಹೆರೆದ ಸಿಪ್ಪೆಯನ್ನು ಅವಳು ಕೇಳಿ ಪಡೆದು
ದೋಣಿಯ ಕ್ಯಾನ್ವಾಸ್ ಹೊಲಿಯುವ ದಾರಕ್ಕೆ ಸವರಿದಳು.
ಆ ವರ್ಷ ದೋಣಿ ಸೋರಲಿಲ್ಲ.
ಇದು ಫಲಕದಲ್ಲಿಲ್ಲ.

ನಾನು ಬಂದದ್ದು ಇನ್ನೊಂದಕ್ಕೆ.
ದ್ವೀಪ ಬಿಡುವ ಹಿಂದಿನ ರಾತ್ರಿ ಅವಳು ಶುರುಮಾಡಿದ ಕತೆ:
ಉಪ್ಪಿನ ರಾಜನ ಮಗ. ಮೊದಲ ಬಾಗಿಲ ಹಿಂದೆ
ತಾಮ್ರದ ಕೋಳಿಗಳು ಸಾಲಾಗಿ ಕಾವು ಕೂತಿವೆ.
ಎರಡನೆಯದರ ಹಿಂದೆ ನದಿಯೊಂದು ಎದ್ದು ನಿಂತಿದೆ.
ಮೂರನೆಯದಕ್ಕೆ ಹುಡುಗ ಕೈಯಿಟ್ಟ.
ಅಷ್ಟರಲ್ಲಿ ಅಜ್ಜಿ ಕೆಂಡಕ್ಕೆ ಬೂದಿ ಮುಚ್ಚಿ
‘ಉಳಿದದ್ದು ನಾಳೆ’ ಎಂದಳು.
ನಾಳೆ ಸಮುದ್ರ ತಣ್ಣಗಾಗಿ ದೊಡ್ಡ ದೋಣಿ ಬಂತು.
ಆಚೆ ದಡದ ಹೊಸ ಮನೆಯಲ್ಲಿ, ಕರೆಂಟ್ ದೀಪದ ಕೆಳಗೆ,
ಕತೆಗೆ ನಾಚಿಕೆಯಾಗುತ್ತೆ ಎಂದು ಬಾಯಿ ಮುಚ್ಚಿದವಳು
ಮೊದಲ ಚಳಿಗಾಲ ದಾಟಲಿಲ್ಲ.
ಹೀಗೆಂದು ಮಾವ ಪ್ರತಿ ಕ್ರಿಸ್‌ಮಸ್‌ಗೆ ಹೇಳಿದ್ದಾನೆ,
ನಾವು ಮಕ್ಕಳು ಮೂರನೇ ಬಾಗಿಲಿಗೆ
ಬೇಕಾದ್ದನ್ನೆಲ್ಲ ತುಂಬಿದ್ದೇವೆ.

ಅಂಚೆ ಕಚೇರಿಗೆ ರಜೆ ಹಾಕಿ ಬಂದಿದ್ದೆ. ಜೇಬಿನಲ್ಲಿ ಫೋನ್,
ದನಿಮುದ್ರಣ ಓಡುತ್ತಿತ್ತು. ಒಲೆಯಿದ್ದಲ್ಲಿ
ಸೊಂಟದೆತ್ತರ ತುರಚೆ. ಅವನು ಬರಿಗೈಯಲ್ಲಿ ಕಿತ್ತ.
ಕಪ್ಪು ಕಲ್ಲು ಕಂಡಿತು. ಕೂತ.
‘ಇಲ್ಲಿಯಾದರೂ ನೆನಪಾಗುತ್ತಾ ನೋಡು, ಫೇಹೀನ್ ಮಾವ,
ಏನಾದರೂ ಸುಳಿವು ಕೊಟ್ಟಿದ್ದಳಾ?’
‘ಹಗಲಲ್ಲಿ ಇಂಥ ಕತೆ ಹೇಳಬಾರದು.’
‘ಅರವತ್ತೆರಡು ವರ್ಷದಲ್ಲಿ ರಾತ್ರಿಯೇ ಆಗಲಿಲ್ಲವಾ?’

ಕುರಿಯೊಂದು ಹೊಸ್ತಿಲಿಗೆ ಬಂದು ನಮ್ಮನ್ನು ನೋಡಿ,
ತನ್ನ ಮನೆಗೆ ಯಾರೋ ಬಂದಿದ್ದಾರೆಂಬಂತೆ, ಹೊರಗೇ ನಿಂತಿತು.

‘ಅವಳು ನಿಲ್ಲಿಸಲಿಲ್ಲ,’ ಎಂದ ಮಾವ.
‘ಪೂರ್ತಿ ಹೇಳಿದಳು. ಎಲ್ಲರೂ ಕೇಳಿದರು.
ಹೂಂಗುಟ್ಟುವ ಕೆಲಸ ನನ್ನದು. ಒಂಬತ್ತು ವರ್ಷ.
ಮೂರನೇ ಬಾಗಿಲ ಹತ್ತಿರ ನಿದ್ದೆ ಬಂತು.
ನಿದ್ದೆಯಲ್ಲೂ ಹೂಂ ಅನ್ನುತ್ತಲೇ ಇದ್ದೆನಂತೆ,
ಅದಕ್ಕೇ ಯಾರೂ ಎಬ್ಬಿಸಲಿಲ್ಲ.
ಆಮೇಲೆ ಕೇಳೋಣವೆಂದರೆ ನಾಚಿಕೆ.
ಆಮೇಲೆ ಕೇಳಲು ಯಾರೂ ಉಳಿಯಲಿಲ್ಲ.’

ಮರ್ಟಿ ಕೆಳಗಿನಿಂದ ಹಾರನ್ ಒತ್ತಿದ, ಎರಡು ಸಲ.

ದೋಣಿಯಲ್ಲಿ ಮಾವ ಅಂಗೈ ನೀರಿಗಿಳಿಬಿಟ್ಟು ಕೂತಿದ್ದ,
ತುರಚೆಯ ಬೊಬ್ಬೆಗಳು ಕೆಂಪಗೆ.
ಮನೆಗೆ ಬಂದು ಫೋನ್ ಹಾಕಿ ಕೇಳಿದೆ:
ಗಾಳಿ, ಬರೀ ಗಾಳಿ, ಅಂಗಿಯ ಬಟ್ಟೆ ಉಜ್ಜುವ ಸದ್ದು,
ಮಾವನ ಮಾತು ಒಂದೂ ಹಿಡಿದಿಲ್ಲ.
ನಡುನಡುವೆ ತೀರ ಹತ್ತಿರದಿಂದ,
ಅಂದದ್ದೇ ನನಗೆ ಗೊತ್ತಿರಲಿಲ್ಲ,
ನನ್ನದೇ ದನಿ: ಹೂಂ.
ಹೂಂ.