ಎರಡು ಗೇಣು

ಮೂವತ್ತು ಚಳಿಗಾಲ ತೈಸ್ತೊ ಮಾಡಿದ್ದು ಒಂದೇ ಕೆಲಸ:
ಔಲು ಊರಾಚೆ ಕಡಲು ಹೆಪ್ಪುಗಟ್ಟಿದ ಮೇಲೆ
ಅದರ ಎದೆಗೆ ಬೈರಿಗೆ ಇಟ್ಟು ತಿರುವುವುದು,
ತೂತಿಗೆ ಕೋಲು ಇಳಿಸಿ
ಎಷ್ಟು ದಪ್ಪವೆಂದು ಪುಸ್ತಕದಲ್ಲಿ ಬರೆಯುವುದು.
ಎರಡು ಗೇಣಿದ್ದರೆ ಕಾರು ದ್ವೀಪಕ್ಕೆ ಹೋಗಬಹುದು.
ಒಂದೇ ಬೆರಳು ಕಡಿಮೆಯಾದರೂ
ಹಗ್ಗ ಕಟ್ಟಿ ಕೂತುಬಿಡುತ್ತಿದ್ದ, ದಾರಿಗೆ ಅಡ್ಡ.

ಪಾದ್ರಿ ಬಂದು ಬೇಡಿದರೂ ಇಲ್ಲ.
ಮದುವೆಯ ಕಾರುಗಳು ಸಾಲಾಗಿ ಹಾರ್ನ್ ಒತ್ತಿದರೂ ಇಲ್ಲ.
ನನ್ನ ತಮ್ಮನನ್ನೇ ಒಮ್ಮೆ ಹಿಂದಕ್ಕೆ ಅಟ್ಟಿದ;
ಅವನು ಎರಡು ವರ್ಷ ನಮ್ಮ ಮನೆಯ ಕಾಫಿ ಮುಟ್ಟಲಿಲ್ಲ.

ಇಂಥವನ ಕೈ ನಡುಗತೊಡಗಿತು, ಅರವತ್ತೆಂಟಕ್ಕೆ.
ಮೊದಲು ಹೆಬ್ಬೆರಳು, ತೋರುಬೆರಳ ಮೇಲೆ,
ಕಾಣದ ನಾಣ್ಯ ಎಣಿಸುವ ಹಾಗೆ.
ಡಾಕ್ಟರಮ್ಮ ಚಿತ್ರ ತೋರಿಸಿದಳು:
ಮೆದುಳಿನ ಬುಡದಲ್ಲಿ ಕಾಡಿಗೆ ತೀಡಿದಷ್ಟು ಕಪ್ಪು.
ಅದು ಮಾಸುತ್ತಿದೆ, ಎಂದಳು.
ಬಿಳಿ ಮಾತ್ರೆ, ದಿನಕ್ಕೆ ಮೂರು.

ಕೈ ನಿಂತಿತು. ಅಂಗಿಯ ಗುಂಡಿ ತಾನೇ ಹಾಕಿಕೊಂಡ.
ನಾನು ಒಲೆಯ ಕಡೆ ತಿರುಗಿ ಅತ್ತೆ.

ಆಮೇಲೆ, ಮೇ ತಿಂಗಳಿರಬೇಕು,
ಹಾಲಿಗೆ ಹೋದವನು ತಡವಾಗಿ ಬರತೊಡಗಿದ.
ನಮ್ಮ ಅಂಗಡಿಗಳಲ್ಲಿ ಬಾಗಿಲ ಬಳಿಯೇ ಇರುತ್ತವೆ ಆ ಯಂತ್ರಗಳು,
ಮಿಕ್ಕ ಚಿಲ್ಲರೆ ನುಂಗಲು ಬಾಯ್ದೆರೆದು.
ಬೇರೆಯವರ ನಾಯಿಯನ್ನು ದಾಟುವಂತೆ
ಜೀವಮಾನವಿಡೀ ಅವನ್ನು ದಾಟಿ ಬಂದವನು.

ಜೂನಿನಲ್ಲಿ ಬೈರಿಗೆ ಮಾರಿದ. ಆಗಸ್ಟಿನಲ್ಲಿ ದೋಣಿ.
ಬ್ಯಾಂಕಿನ ಕಾಗದ ಓದಿ ಕೇಳಿದೆ: ಎಲ್ಲಿ ಹೋಯಿತು?
“ಎರಡು ಚೆರ್ರಿ ಬಂದಿತ್ತು, ಹಿಲ್ಯಾ,
ಮೂರನೆಯದು ಒಂದೇ ಬೆರಳು ಕೆಳಗೆ ನಿಂತಿತು.
ಒಂದೇ ಬೆರಳು.”

ಮಾತ್ರೆಯದೇ ಕೆಲಸ, ಎಂದಳು ಡಾಕ್ಟರಮ್ಮ, ನೆಲ ನೋಡುತ್ತ.
ಕೈಗೆ ಹೋಗಬೇಕಾದ ನೀರು
ಪಕ್ಕದ ಪಾತಿಗೂ ಹರಿದಿದೆ,
ಅಲ್ಲಿ ‘ಇನ್ನೇನು ಬಂತು’ ಅನ್ನುವುದು ಬೆಳೆಯುತ್ತದೆ.
ಕಮ್ಮಿ ಮಾಡಬಹುದು; ನಡುಕ ಮರಳುತ್ತದೆ.

ಬಸ್ಸಿನಲ್ಲಿ ನನಗೆ ಒಂದೇ ಯೋಚನೆ.
ಹಗ್ಗ ಕಟ್ಟಿ ಕೂತ ಆ ಹಟ ಯಾರದು?
ಆ ಹಟವನ್ನೇ ಅಲ್ಲವೇ ನಾನು ಮದುವೆಯಾದದ್ದು?
ಅದೂ ಒಂದು ತೊಟ್ಟು ಹೆಚ್ಚೋ ಕಮ್ಮಿಯೋ ಜಿನುಗಿದ್ದೇ?
ಮತ್ತೆ, ಇದನ್ನು ಮಕ್ಕಳಿಗೆ ಹೇಳಿಲ್ಲ,
ನಲವತ್ತು ಯೂರೊ ಗೆದ್ದ ದಿನ
ಆಲೂಗಡ್ಡೆ ರಾಶಿಯ ಪಕ್ಕ ನನ್ನ ಸೊಂಟ ಹಿಡಿದು
ಒಂದು ಸುತ್ತು ಕುಣಿದನಲ್ಲ, ಅವನು ಯಾರು?
ಹೋಗಲಿ ಬಿಡು ಅನ್ನಲು ಅವನೂ ನನಗೆ ಬೇಕಿದ್ದ.

ಈಗ ಅರ್ಧ ಮಾತ್ರೆ. ಗುಂಡಿ ನಾನು ಹಾಕುತ್ತೇನೆ.
ಅಂಗಡಿ ಬಂದರೆ ಕೈಚೀಲ ನನ್ನ ಕೈಗಿಟ್ಟು
ಹೊರಗೇ ನಿಲ್ಲುತ್ತಾನೆ, ಎಂಥ ಚಳಿಯಲ್ಲೂ,
ಕಾಲಗಲಿಸಿ, ತನ್ನ ದಾರಿಗೆ ತಾನೇ ಅಡ್ಡ.
ಹಾಲು ತಂದು ಕೇಳುತ್ತೇನೆ: ಇವತ್ತು ಹೇಗೆ?
ಜೇಬಿನೊಳಗೆ ಬೆರಳು ಎಣಿಸುತ್ತಲೇ ಇರುತ್ತದೆ.
“ಒಂದೂವರೆ ಗೇಣು,” ಎನ್ನುತ್ತಾನೆ.
“ಇನ್ನೂ ಯಾರನ್ನೂ ಬಿಡಬೇಡ.”