ಲಟಕ್

ಮೆಸ್ತಿಯಾಕ್ಕೆ ಹೋಗುವ ವ್ಯಾನಿನಲ್ಲಿ ಲಮಾರಾಳ ಲ್ಯಾಪ್‌ಟಾಪು
ಆಲೂಗಡ್ಡೆ ಮೂಟೆಗೂ ಯಾರದೋ ಮೊಣಕಾಲಿಗೂ ನಡುವೆ.
ಕಾಕಸಸ್ಸಿನ ಒಂದು ತಿರುವಿನಲ್ಲಿ ಪಾದ್ರಿಯೇ ಅದರ ಮೇಲೆ ಕೂತುಬಿಟ್ಟರು.
ಹಪ್ಪಳದಂಥದು,
ಮುರಿಯಲಿಲ್ಲ. ಮೂಲೆಯೊಂದು ನೆಗ್ಗಿತು, ಅಷ್ಟೆ;
ಕೀಲಿಗೆ, ತೆರೆವಾಗ ಮುಚ್ಚುವಾಗ, ಲಟಕ್ಕೆನ್ನುವ ಚಾಳಿ ಹತ್ತಿತು.

ಅವಳ ಕೆಲಸ ಗೋಪುರಗಳ ಬಿರುಕು ಅಳೆಯುವುದು.
ಮೂರು ಮೊಳ ದಪ್ಪದ ಗೋಡೆ,
ಹಿಮ ಕುಸಿದಾಗಲೂ, ದಾಯಾದಿಗಳು ಗುಂಡು ಹಾರಿಸಿದಾಗಲೂ ಜಗ್ಗದ್ದು;
ಈಗ ಅಂಗೈ ತೂರಿಸಿದರೆ ಒಳಗೆ ತಣ್ಣಗೆ ಗಾಳಿ.

ಮೆಟ್ಟಿಲ ಮೇಲೆ ಕೂತು ತೆರೆದಳು.
ಅಕ್ಷರಗಳ ಸಂದಿಯಿಂದ ಆಲೂಗಡ್ಡೆಯ ಮಣ್ಣು ಉದುರಿತು;
ಪರದೆ, ಏನೂ ಆಗಿಲ್ಲವೆಂಬಂತೆ, ಬೆಳಗಿತು.
ಉತ್ತರದ ಗೋಡೆ, ಏಳು ಸೆಂಟಿಮೀಟರು.
ಹೋದ ವರ್ಷ ಐದು.

ಮುಚ್ಚಿದಳು. ಲಟಕ್.
ಕೆಳಗೆ ಹಾಲು ಕರೆಯುತ್ತಿದ್ದ ಎಲಿಸೋ
ಬಕೆಟ್ಟು ಬಿಟ್ಟು ಅಂಗಳಕ್ಕೆ ಓಡಿ ಬಂದು
ತಲೆಯೆತ್ತಿ ಗೋಪುರ ನೋಡಿದಳು.